ಯಾಕೆ ಎಂದು ಕೇಳುವ ಮಗುವಿಗೆ ಯಾವ ಪುಸ್ತಕ?



ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬಂತೆಂದರೆ ಮಕ್ಕಳ ಕೈಗೆ ಯಾವ ಪುಸ್ತಕ ಕೊಡೋಣ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತದೆ. ರಾಜ-ರಾಣಿಯರ ಕಥೆ, ನರಿ-ಕಾಗೆಯ ಕಥೆ, ಸಂತರ ಜೀವನ, ನೀತಿಕಥೆ ಎಲ್ಲವೂ ಒಳ್ಳೆಯವೇ. ಈ ಸಲ ನಾವು ಬೇರೊಂದು ಬಗೆಯ ಪುಸ್ತಕಗಳ ಬಗ್ಗೆ ಮಾತನಾಡೋಣ. ಲೋಕದಲ್ಲಿ ಅನ್ಯಾಯವೆಂಬುದು ಇದೆ, ಅದನ್ನು ಕಂಡಾಗ ಸುಮ್ಮನಿರಬೇಕಾಗಿಲ್ಲ ಎಂದು ಚಿತ್ರಗಳ ಮೂಲಕ ಹೇಳುವ ಮಕ್ಕಳ ಪುಸ್ತಕಗಳಿವು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಇಂಥವು ಸಾಕಷ್ಟು ಬಂದಿವೆ. ನಮ್ಮ ಮನೆಗಳಿಗೆ ಬಂದಿರುವುದು ಮಾತ್ರ ಕಡಿಮೆ.

ಇಂಥ ಮಾತು ಬಂದಾಗ ತಾಯಂದಿರು ಹೇಳುವುದುಂಟು: "ಇಷ್ಟು ಚಿಕ್ಕ ಮಕ್ಕಳಿಗೆ ಜಾತಿ, ಕೂಲಿ, ಹೋರಾಟ ಎಲ್ಲ ಯಾಕೆ? ಆಡಿಕೊಂಡಿರಲಿ. ದೊಡ್ಡವರಾದ ಮೇಲೆ ತಾವಾಗಿಯೇ ತಿಳಿದುಕೊಳ್ಳುತ್ತಾರೆ." ಈ ಮಾತಿನ ಹಿಂದಿರುವ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆ. ನಮ್ಮ ಮಕ್ಕಳು ಇದನ್ನೆಲ್ಲ ಇನ್ನೂ ನೋಡಿಲ್ಲವೆಂದು ನಾವು ನಿಜವಾಗಿ ನಂಬಿದ್ದೇವೆಯೆ?

ಮಕ್ಕಳು ಈಗಾಗಲೇ ಕಂಡಿರುವುದು

ರಾಯದುರ್ಗದ ಬೀದಿಯಲ್ಲಿ ನಡೆದು ಶಾಲೆಗೆ ಹೋಗುವ ಮಗುವನ್ನು ನೆನೆಯಿರಿ. ಊರ ತುಂಬ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ತನ್ನ ವಯಸ್ಸಿನ ಹುಡುಗನೊಬ್ಬ ಶಾಲೆಯ ಹೊತ್ತಿನಲ್ಲಿ ಬಟ್ಟೆಯ ಗಂಟು ಹೊತ್ತು ಹೋದರೆ ಅದು ಈ ಮಗುವಿನ ಕಣ್ಣಿಗೆ ಬೀಳದೆ ಇರುತ್ತದೆಯೆ? ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬೆಳೆ ಒಣಗುತ್ತದೆ, ಪಕ್ಕದ ಮನೆಯವರು ಬಾಗಿಲಿಗೆ ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ತರಗತಿಯಲ್ಲಿ ಜೊತೆಗೆ ಕೂರುತ್ತಿದ್ದ ಗೆಳತಿ ಅಂದಿನಿಂದ ಇಲ್ಲ. ಇನ್ನೊಬ್ಬ ಅಕ್ಕ ಹತ್ತನೆಯ ತರಗತಿ ಮುಗಿಯುವ ಮುಂಚೆಯೇ ಮದುವೆಯ ಸೀರೆ ಉಟ್ಟು ನಿಂತಳು. ಹೋಟೆಲಿನಲ್ಲಿ ಒಬ್ಬ ತಾತನಿಗೆ ಬೇರೆ ಲೋಟ, ಬೋರ್‌ವೆಲ್ ಬಳಿ ಒಬ್ಬ ಅಜ್ಜಿಗೆ ಕಡೆಯ ಸರದಿ ಎಂಬುದನ್ನು ಕಂಡ ಮಗುವೂ ಇರಬಹುದು.

ಇದನ್ನೆಲ್ಲ ಮಗು ನೋಡುತ್ತದೆ. ಆದರೆ ನೋಡಿದ್ದಕ್ಕೆ ಅದರ ಬಳಿ ಮಾತಿಲ್ಲ. ದೊಡ್ಡವರು ಯಾರೂ ಅದರ ಬಗ್ಗೆ ಮಾತನಾಡದಿದ್ದಾಗ ಲೋಕ ಇರುವುದೇ ಹೀಗೆ ಎಂದು ಅದು ಮೌನವಾಗಿ ಕಲಿಯುತ್ತದೆ. ಅನ್ಯಾಯವನ್ನು ಸಹಜವೆಂದು ಒಪ್ಪಿಕೊಳ್ಳುವ ಪಾಠವೂ ಪಾಠವೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಾವೇ ಹೇಳುತ್ತೇವೆ. ಕಣ್ಣೆದುರಿನ ನೋವನ್ನು ಕಾಣದಂತೆ ಬಗ್ಗಿಸಿದ ಗಿಡ ಮುಂದೆ ಯಾರಿಗೆ ನೆರಳು ಕೊಟ್ಟೀತು?

ಮೋಯ್ನಾ ಎಂಬ ಹುಡುಗಿ

ಇಂಥ ಪುಸ್ತಕ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಬಂಗಾಳದ ಹಿರಿಯ ಲೇಖಕಿ ಮಹಾಶ್ವೇತಾ ದೇವಿಯವರು 1996ರಲ್ಲಿ ಜ್ಞಾನಪೀಠ ಪ್ರಶಸ್ತಿ, 1997ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದವರು. ಬುಡಕಟ್ಟು ಜನರ ನಡುವೆ ದಶಕಗಳ ಕಾಲ ದುಡಿದು 2016ರಲ್ಲಿ ತೀರಿಕೊಂಡರು. ಅವರು ಮಕ್ಕಳಿಗಾಗಿ ಬರೆದ 'ದಿ ವೈ-ವೈ ಗರ್ಲ್' ಎಂಬ ಚಿತ್ರಪುಸ್ತಕವನ್ನು ಚೆನ್ನೈನ ತೂಲಿಕಾ ಪ್ರಕಾಶನ 2003ರಲ್ಲಿ ಹೊರತಂದಿತು. ಯಾಕೆ-ಯಾಕೆ ಎನ್ನುವ ಹುಡುಗಿ ಎಂದು ಅದರ ಅರ್ಥ. ಚಿತ್ರಗಳು ಕನ್ಯಿಕಾ ಕಿಣಿ ಅವರವು.

ಕಥೆಯ ಹುಡುಗಿ ಮೋಯ್ನಾ ಶಬರ ಬುಡಕಟ್ಟಿನವಳು. ತಾಯಿಗೆ ಕಾಲು ಸರಿಯಿಲ್ಲ. ತಂದೆ ಕೆಲಸ ಹುಡುಕಿಕೊಂಡು ದೂರದ ಜಮ್‌ಶೆಡ್‌ಪುರಕ್ಕೆ ಹೋಗಿದ್ದಾನೆ. ಅಣ್ಣ ಕಾಡಿನಿಂದ ಸೌದೆ ತರುತ್ತಾನೆ. ಮೋಯ್ನಾ ಊರ ಸಾಹುಕಾರನ ಆಡು ಮೇಯಿಸುತ್ತಾಳೆ. ಅವಳಿಗೆ ಎಲ್ಲದಕ್ಕೂ ಪ್ರಶ್ನೆ. ನೀರಿಗೆ ಅಷ್ಟು ದೂರ ಯಾಕೆ ನಡೆಯಬೇಕು? ನಮ್ಮದು ಸೊಪ್ಪಿನ ಗುಡಿಸಲು ಯಾಕೆ? ಎರಡು ಹೊತ್ತು ಅನ್ನ ಯಾಕಿಲ್ಲ? ಸಾಹುಕಾರನ ಆಡನ್ನು ಅವನ ಮಕ್ಕಳೇ ಯಾಕೆ ಮೇಯಿಸಬಾರದು? ಊರಿನ ಅಂಚೆಯಣ್ಣನೇ ಅವಳಿಗೆ ಯಾಕೆ-ಯಾಕೆ ಹುಡುಗಿ ಎಂದು ಹೆಸರಿಟ್ಟ. ಶಾಲೆಯ ವಿಷಯ ಬಂದಾಗಲೂ ಅವಳದು ನೇರ ಪ್ರಶ್ನೆ: ಆಡು ಮೇಯಿಸುವ ಹೊತ್ತಿನಲ್ಲೇ ಪಾಠ ಇಟ್ಟರೆ ನಮ್ಮಂಥವರು ಕಲಿಯುವುದು ಹೇಗೆ? ಕೊನೆಗೆ ಹಳ್ಳಿಯ ಪ್ರಾಥಮಿಕ ಶಾಲೆಗೆ ಸೇರಿದ ಮೊದಲ ಹುಡುಗಿ ಅವಳೇ ಆಗುತ್ತಾಳೆ. ದೊಡ್ಡವಳಾಗಿ ತಾನೇ ಮಕ್ಕಳಿಗೆ ಕಲಿಸುತ್ತಾಳೆ.

ಈ ಪುಸ್ತಕದಲ್ಲಿ ಘೋಷಣೆಯಿಲ್ಲ, ಉಪದೇಶವಿಲ್ಲ. 'ಬಡವರಿಗೆ ದಯೆ ತೋರಿಸು' ಎಂಬ ಮಾತೂ ಇಲ್ಲ. ತಂದೆ ದೂರದ ಊರಿಗೆ ಹೋಗಿರುವ, ನೀರಿಗಾಗಿ ದೂರ ನಡೆಯುವ ಹುಡುಗಿಯೊಬ್ಬಳು ಇದ್ದಾಳೆ, ಅಷ್ಟೆ. ಮಡಕಶಿರಾದ ಮಗುವಿಗೆ ಅವಳು ಪರಕೀಯಳೆ? ಜಮ್‌ಶೆಡ್‌ಪುರ ಎಂದಿರುವಲ್ಲಿ ಬೆಂಗಳೂರು ಎಂದು ಓದಿದರೆ ಸಾಕು. ತನ್ನಂಥವಳೊಬ್ಬಳು ಪುಸ್ತಕದೊಳಗಿದ್ದಾಳೆ, ಅವಳು ಕೇಳುವ ಪ್ರಶ್ನೆಗೆ ಬೆಲೆಯಿದೆ ಎಂಬುದು ಓದಿದ ಮಗುವಿಗೆ ತಿಳಿಯುತ್ತದೆ. ಹೊಟ್ಟೆ ತುಂಬಿದ ಮನೆಯ ಮಗು ಓದಿದರೆ ಅದರ ಪಾಠ ಇನ್ನೊಂದು. ನಮ್ಮ ಮನೆಯ ಆಡು ಮೇಯಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು, ಅವರ ಮಕ್ಕಳು ಎಲ್ಲಿ ಎಂದು ಅದು ಕೇಳತೊಡಗುತ್ತದೆ.

ನೀರು, ನೆಲ, ದುಡಿಮೆ

ಸ್ವಲ್ಪ ದೊಡ್ಡ ಮಕ್ಕಳಿಗೆ, ಎಂದರೆ ಹತ್ತು-ಹನ್ನೆರಡು ದಾಟಿದವರಿಗೆ, 'ಭೀಮಾಯಣ' ಎಂಬ ಪುಸ್ತಕವಿದೆ. ಬಾಬಾಸಾಹೇಬ ಅಂಬೇಡ್ಕರರ ಜೀವನದ ಘಟನೆಗಳನ್ನು ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿ ಚಿತ್ರಿಸಿದ್ದಾರೆ. ನವಯಾನ ಪ್ರಕಾಶನ 2011ರಲ್ಲಿ ಹೊರತಂದ ಪುಸ್ತಕವಿದು. 1901ರಲ್ಲಿ ಬಾಲಕ ಭೀಮರಾವ್ ಮನೆಯ ಇತರ ಮಕ್ಕಳೊಂದಿಗೆ ಸಾತಾರಾದಿಂದ ತಂದೆ ಇದ್ದ ಗೋರೆಗಾಂವಿಗೆ ಹೊರಟ ಪ್ರಸಂಗ ಅದರಲ್ಲಿ ಬರುತ್ತದೆ. ಬರಗಾಲದ ಜನರಿಗೆ ಕೆಲಸ ಕೊಡಲು ಅಲ್ಲಿ ಕೆರೆ ತೋಡಿಸುತ್ತಿದ್ದರು, ತಂದೆ ಅಲ್ಲಿ ನೌಕರಿಯಲ್ಲಿದ್ದರು. ರೈಲು ಇಳಿದ ಮಕ್ಕಳ ಜಾತಿ ತಿಳಿದ ಕೂಡಲೇ ಯಾವ ಗಾಡಿಯವನೂ ಅವರನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಆ ರಾತ್ರಿ ಅವರು ಹಸಿದೇ ಮಲಗಿದರು.

ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಸೀಮೆಯ ಮಗುವಿಗೆ ಬಾಯಾರಿಕೆ ಎಂದರೇನೆಂದು ವಿವರಿಸಬೇಕಾಗಿಲ್ಲ. ನೀರಿದ್ದೂ ಕೊಡದಿರುವುದು ಎಂದರೇನು ಎಂಬುದನ್ನು ಈ ಪುಸ್ತಕ ತೋರಿಸುತ್ತದೆ. ಚಿತ್ರಕಾರರ ಜಾಣ್ಮೆಯನ್ನೂ ನೋಡಬೇಕು. ಒಳ್ಳೆಯ ಮಾತುಗಳು ಹಕ್ಕಿಯ ಆಕಾರದೊಳಗೆ ಇವೆ, ವಿಷದ ಮಾತುಗಳಿಗೆ ಚೇಳಿನ ಕೊಂಡಿ ಇದೆ. ಅಕ್ಷರ ಬಾರದ ಮಗುವಿಗೂ ಯಾವ ಮಾತು ಚುಚ್ಚುತ್ತದೆ ಎಂಬುದು ತಿಳಿಯುತ್ತದೆ.

ನೆಲದ ಬಗ್ಗೆ ರಿನ್‌ಚಿನ್ ಅವರು ಬರೆದು ತೂಲಿಕಾ 2017ರಲ್ಲಿ ಪ್ರಕಟಿಸಿದ 'ಐ ವಿಲ್ ಸೇವ್ ಮೈ ಲ್ಯಾಂಡ್' ಇದೆ. ತನಗೂ ಒಂದು ತುಂಡು ಹೊಲ ಬೇಕೆಂದು ಹಟ ಹಿಡಿಯುವ ಮಾಟಿ ಎಂಬ ಹುಡುಗಿಯ ಕಥೆ. ಅವಳ ಊರಿನ ಮೇಲೆ ಕಲ್ಲಿದ್ದಲು ಗಣಿಯ ನೆರಳು ಬೀಳುತ್ತದೆ. ಡಿ. ಹಿರೇಹಾಳ್ ಮಂಡಲದ ಓಬಳಾಪುರದ ಸುತ್ತ ಕಬ್ಬಿಣದ ಅದಿರಿನ ಗಣಿಗಳನ್ನೂ ಕೆಂಪು ಧೂಳನ್ನೂ ಕಂಡ ಮನೆಗಳವರು ಈ ಕಥೆಯನ್ನು ತಮ್ಮದೆಂದೇ ಓದಿಯಾರು.

ದುಡಿಮೆಯ ಘನತೆ ಕುರಿತು ಕಂಚ ಐಲಯ್ಯ ಅವರು ಮಕ್ಕಳಿಗೆಂದೇ ಬರೆದ 'ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್' 2007ರಲ್ಲಿ ಬಂತು. ಇದರ ಚಿತ್ರಗಳೂ ದುರ್ಗಾಬಾಯಿ ಅವರವೇ. ಕುಂಬಾರರು, ನೇಕಾರರು, ಚರ್ಮ ಹದಮಾಡುವವರು, ಅಗಸರು, ಕ್ಷೌರಿಕರು, ದನ ಕಾಯುವವರು ಇವರ ಕೈಕೆಲಸದ ಹಿಂದೆ ಎಷ್ಟು ವಿದ್ಯೆ ಇದೆ ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ಮಗ್ಗದ ಮನೆಯ, ಹೊಲಿಗೆಯ ಮನೆಯ, ರೇಷ್ಮೆಹುಳು ಸಾಕುವ ಮನೆಯ ಮಕ್ಕಳು ತಂದೆತಾಯಿಯ ಕೆಲಸ ಹೇಳಲು ನಾಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಆ ನಾಚಿಕೆಗೆ ಇದು ಒಳ್ಳೆಯ ಮದ್ದು.

ಬಟ್ಟೆಯ ಮಾತು ಬಂದಿದ್ದರಿಂದ ಇನ್ನೊಂದು ಪುಸ್ತಕ. ನೀನಾ ಸಬ್‌ನಾನಿ ಅವರ 'ಮುಕುಂದ್ ಅಂಡ್ ರಿಯಾಜ್' 1947ರ ದೇಶವಿಭಜನೆಯ ಕಾಲದ ಇಬ್ಬರು ಗೆಳೆಯರ ನಿಜಕಥೆ. ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಊರು ಹೊತ್ತಿ ಉರಿಯುವಾಗ ಗೆಳೆಯನ ಮನೆಯವರನ್ನು ಪಾರುಮಾಡಲು ನಿಂತವನು ಹುಡುಗ ರಿಯಾಜ್. ಇದರ ಚಿತ್ರಗಳನ್ನು ಬಟ್ಟೆಯ ತುಂಡುಗಳನ್ನು ಕತ್ತರಿಸಿ ಹೊಲಿಯುವ ಕಲೆಯಿಂದ ಮಾಡಲಾಗಿದೆ. ರಾಯದುರ್ಗದ ಮನೆಗಳಲ್ಲಿ ಅಂಥ ತುಂಡುಗಳಿಗೇನು ಬರವೆ? ಓದಿದ ಮಕ್ಕಳು ತಾವೂ ಹೊಲಿದು ಒಂದು ಕಥೆ ಮಾಡಬಹುದು.

ಸಿಟ್ಟಿನ ಪ್ರಶ್ನೆ

ಇಂಥ ಕಥೆಗಳಿಂದ ಮಕ್ಕಳ ಮನಸ್ಸಿನಲ್ಲಿ ದ್ವೇಷ ಬೆಳೆಯುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಅನ್ಯಾಯ ಕಂಡಾಗ ಸಿಟ್ಟು ಬರುವುದು ಆರೋಗ್ಯದ ಲಕ್ಷಣ. ಆ ಸಿಟ್ಟು ಎತ್ತ ಹೋಗುತ್ತದೆ ಎಂಬುದು ಮುಖ್ಯ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1960ರ ನವೆಂಬರ್ 14ರಂದು ರೂಬಿ ಬ್ರಿಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ ಅದುವರೆಗೆ ಬಿಳಿಯರಿಗೆ ಮಾತ್ರ ಇದ್ದ ಶಾಲೆಗೆ ಕಾಲಿಟ್ಟಳು. ಕಾವಲಿಗೆ ನಾಲ್ವರು ಅಧಿಕಾರಿಗಳು. ದಾರಿಯುದ್ದಕ್ಕೂ ದೊಡ್ಡವರು ನಿಂತು ಕೂಗಿ ಬೈದರು. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವರ್ಷವಿಡೀ ಒಬ್ಬಳೇ ಹುಡುಗಿಗೆ ಒಬ್ಬರೇ ಶಿಕ್ಷಕಿ ಪಾಠ ಹೇಳಿದರು. ಆ ಮಗುವನ್ನು ಹತ್ತಿರದಿಂದ ಕಂಡ ಮನೋವೈದ್ಯ ರಾಬರ್ಟ್ ಕೋಲ್ಸ್ ಅದನ್ನು 1995ರಲ್ಲಿ ಚಿತ್ರಪುಸ್ತಕವಾಗಿ ಬರೆದರು. ತನ್ನನ್ನು ಬೈಯುವ ಜನರಿಗಾಗಿ ರೂಬಿ ದಿನವೂ ಪ್ರಾರ್ಥಿಸುತ್ತಿದ್ದಳು ಎಂಬುದು ಆ ಪುಸ್ತಕದ ಹೃದಯ. ಹಾಗೆಂದು ಅವಳು ಶಾಲೆಗೆ ಹೋಗುವುದನ್ನು ಬಿಡಲಿಲ್ಲ. ಕ್ಷಮಿಸಿದಳು, ಹಿಂದೆ ಸರಿಯಲಿಲ್ಲ. ಈ ಎರಡೂ ಒಟ್ಟಿಗೆ ಇರಬಲ್ಲವು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ನಮಗೆ ತಿಳಿಯದು.

ಆರಿಸುವುದು ಹೇಗೆ?

ನ್ಯಾಯದ ಹೆಸರು ಹೊತ್ತ ಪುಸ್ತಕಗಳೆಲ್ಲ ಒಳ್ಳೆಯವೆಂದಲ್ಲ. ಕೊಳ್ಳುವ ಮುಂಚೆ ನಾವು ನಾಲ್ಕು ವಿಷಯ ನೋಡಬಹುದು.

ಮೊದಲನೆಯದು, ಕಥೆಯಲ್ಲಿ ಬಡ ಮಗು ಏನಾದರೂ ಮಾಡುತ್ತದೆಯೆ, ಅಥವಾ ಪಟ್ಟಣದಿಂದ ಬಂದ ದಯಾಳುವಿಗಾಗಿ ಕಾಯುತ್ತ ಕೂತಿರುತ್ತದೆಯೆ? ಕಾಯುವ ಕಥೆ ಒಬ್ಬರಿಗೆ ಅಹಂಕಾರವನ್ನೂ ಇನ್ನೊಬ್ಬರಿಗೆ ಕೀಳರಿಮೆಯನ್ನೂ ಕಲಿಸುತ್ತದೆ.

ಎರಡನೆಯದು, ಚಿತ್ರಗಳನ್ನು ನೋಡಿ. ಒಳ್ಳೆಯವರೆಲ್ಲ ಬೆಳ್ಳಗೆ, ಕೆಟ್ಟವರೆಲ್ಲ ಕಪ್ಪಗೆ ಇದ್ದರೆ ಮಾತು ಎಷ್ಟೇ ಚೆನ್ನಾಗಿದ್ದರೂ ಚಿತ್ರ ಬೇರೆಯೇ ಪಾಠ ಹೇಳುತ್ತಿರುತ್ತದೆ. ಮಗು ಮೊದಲು ಓದುವುದು ಚಿತ್ರವನ್ನೇ.

ಮೂರನೆಯದು, ಕೆಲಸ ಒಬ್ಬ ವೀರನಿಂದ ಆಯಿತೆ, ನಾಲ್ಕು ಜನ ಸೇರಿದ್ದರಿಂದ ಆಯಿತೆ? ನಮ್ಮ ಪಂಚತಂತ್ರದ ಪಾರಿವಾಳಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿದವು. ಆ ಕಥೆ ಗೊತ್ತಿರುವ ಮನೆಗಳಿಗೆ ಸಂಘಟನೆ ಎಂಬುದು ಹೊಸ ವಿಷಯವೇನಲ್ಲ.

ನಾಲ್ಕನೆಯದು, ಕೊನೆಯ ಪುಟದಲ್ಲಿ ನೀತಿ ಹೇಳಿ ಬಾಗಿಲು ಮುಚ್ಚುತ್ತದೆಯೆ, ಪ್ರಶ್ನೆ ಬಿಟ್ಟು ಹೋಗುತ್ತದೆಯೆ? ಪ್ರಶ್ನೆ ಬಿಟ್ಟು ಹೋಗುವ ಪುಸ್ತಕವನ್ನು ಮಗು ಮತ್ತೆ ಕೈಗೆತ್ತಿಕೊಳ್ಳುತ್ತದೆ.

ನಮ್ಮ ಭಾಷೆಯಲ್ಲಿ ಸಿಗುವುದೆ?

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿದ್ದುದು, 2022ರ ಏಪ್ರಿಲ್‌ನಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಬದಲಾದರೂ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಡಿ. ಹಿರೇಹಾಳ್ ಕಡೆಯ ಮನೆಗಳಲ್ಲಿ ಕನ್ನಡ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮುಂದಿನ ಓದಿಗೆ ಇಂಗ್ಲಿಷ್ ಎಂಬ ಮೂರು ದಾರಿಯ ನಡುವೆ ನಮ್ಮ ಮಕ್ಕಳು ಬೆಳೆಯುತ್ತಾರೆ. ಇಲ್ಲಿ ಕನ್ನಡದ ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಕೈಸೇರಿದರೇ ದೊಡ್ಡದು, ಕಥೆಪುಸ್ತಕದ ಮಾತೆಲ್ಲಿ ಬಂತು ಎಂದು ನೀವು ಕೇಳಬಹುದು.

ದಾರಿಗಳು ಇವೆ. ತೂಲಿಕಾ ಪ್ರಕಾಶನ ಕನ್ನಡ, ತೆಲುಗು ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಚಿತ್ರಪುಸ್ತಕ ಕೊಡುತ್ತದೆ. ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಕನ್ನಡದ ಕಥೆಗಳನ್ನು ಮೊಬೈಲಿನಲ್ಲಿ ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಲೂ ಬಹುದು. ಅನೇಕ ಕಥೆಗಳು ತೆಲುಗಿನಲ್ಲಿಯೂ ಇವೆ. ಒಂದೇ ಚಿತ್ರದ ಕೆಳಗೆ ಒಮ್ಮೆ ಕನ್ನಡ, ಒಮ್ಮೆ ತೆಲುಗು ಓದಿದರೆ ಅಕ್ಕತಂಗಿಯರಂಥ ಆ ಎರಡು ಲಿಪಿಗಳೂ ಮಗುವಿಗೆ ಒಲಿಯುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕ ಪುಸ್ತಕವನ್ನು ಓದುಬಲ್ಲ ಅಕ್ಕ ಅಥವಾ ಅಣ್ಣ ಚಿತ್ರ ತೋರಿಸುತ್ತ ಮನೆಮಾತಿನಲ್ಲೇ ಹೇಳಲಿ. ನಾಲ್ಕಾರು ಮನೆಗಳು ಸೇರಿ ಇಪ್ಪತ್ತು ಪುಸ್ತಕ ಕೊಂಡು ಒಂದು ಟ್ರಂಕಿನಲ್ಲಿಟ್ಟರೂ ಅದೊಂದು ಗ್ರಂಥಾಲಯವೇ.

ಪುಸ್ತಕ ಮುಚ್ಚಿದ ಮೇಲೆ

ಈಗ ನಾವು ಹೇಳಲೇಬೇಕಾದ ಮಾತಿಗೆ ಬರೋಣ. ಇಂಥ ಪುಸ್ತಕ ಕೊಳ್ಳುವುದು ಸುಲಭ, ಅದು ಎಬ್ಬಿಸುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಮೋಯ್ನಾಳ ಕಥೆ ಕೇಳಿದ ಮಗಳು ಮರುದಿನ, "ನಮ್ಮ ಮನೆಗೆ ಕೆಲಸಕ್ಕೆ ಬರುವ ಹುಡುಗಿ ಯಾಕೆ ಶಾಲೆಗೆ ಹೋಗುವುದಿಲ್ಲ?" ಎಂದು ಕೇಳಿದರೆ? "ತಾತನಿಗೆ ಯಾಕೆ ಬೇರೆ ಲೋಟ?" ಎಂದು ನೆಂಟರ ಎದುರೇ ಕೇಳಿದರೆ? "ಸುಮ್ಮನಿರು, ದೊಡ್ಡವರ ವಿಷಯ" ಎಂದು ಗದರಿಸಿದ ಕ್ಷಣದಲ್ಲಿ ಪುಸ್ತಕ ಸುಳ್ಳಾಗುತ್ತದೆ. ನ್ಯಾಯವೆಂಬುದು ಪುಟದೊಳಗಿನ ಮಾತು, ಮನೆಯೊಳಗಿನದಲ್ಲ ಎಂದು ಮಗು ಕಲಿಯುತ್ತದೆ. ಇದು ಪುಸ್ತಕವನ್ನೇ ಕೊಡದಿರುವುದಕ್ಕಿಂತ ಕೆಟ್ಟದ್ದು.

ಉತ್ತರ ಗೊತ್ತಿದ್ದರೆ ಹೇಳೋಣ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂಬ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ಮನೆಯವರ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗುವುದಕ್ಕೆ ಅವಕಾಶವಿದೆ. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧ. ತೊಂದರೆಯಲ್ಲಿರುವ ಮಗುವಿಗಾಗಿ 1098 ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದು. ಇಷ್ಟನ್ನು ಎಂಟು ವರ್ಷದ ಮಗುವಿಗೂ ತಿಳಿಯುವಂತೆ ಹೇಳಬಹುದು. ಅದಕ್ಕಿಂತ ದೊಡ್ಡ ಉತ್ತರ ನಾವು ಮಾಡಿ ತೋರಿಸುವುದು: ಬೇರೆ ಲೋಟವನ್ನು ತೆಗೆದುಬಿಡುವುದು, ಆ ಹುಡುಗಿಯ ಹೆಸರು ಶಾಲೆಯಲ್ಲಿ ಬರೆಸಲು ಅವಳ ತಾಯಿಯ ಜೊತೆ ಹೋಗುವುದು, ಕೆಲಸದವರ ಕೂಲಿಯನ್ನು ಹೇಳಿದ ದಿನವೇ ಕೊಡುವುದು.

ಮಕ್ಕಳಿಂದ ಏನಾದೀತು ಎನ್ನಬೇಡಿ. ಕರ್ನಾಟಕದಲ್ಲಿ ದುಡಿಯುವ ಮಕ್ಕಳೇ ಸೇರಿ 1990ರಲ್ಲಿ 'ಭೀಮ ಸಂಘ' ಎಂಬ ಸಂಘ ಕಟ್ಟಿಕೊಂಡರು. ಬೆಂಗಳೂರಿನ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಅವರ ಬೆನ್ನಿಗಿತ್ತು. 'ಭೀಮ ಪತ್ರಿಕೆ' ಎಂಬ ಗೋಡೆಪತ್ರಿಕೆ ಅವರ ಮಾತುಗಳನ್ನು ಊರೂರಿಗೆ ಒಯ್ದಿತು. ಮುಂದೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳೇ ನಡೆದವು. ತಮ್ಮ ಹಳ್ಳಿಗೆ ಏನು ಬೇಕು ಎಂಬುದನ್ನು ಮಕ್ಕಳು ದೊಡ್ಡವರ ಮುಂದಿಟ್ಟರು. ನಮ್ಮ ಅನಂತಪುರ ಸೀಮೆಯೂ ಹಿಂದೆ ಬಿದ್ದಿಲ್ಲ. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಈ ಬರದ ನಾಡಿಗೆ ಬಂದು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ದಲಿತ ಮಕ್ಕಳ ಓದಿಗೆ ಮಾಡಿದ ಕೆಲಸವನ್ನು ಇಲ್ಲಿನ ಹಳ್ಳಿಗಳು ಬಲ್ಲವು. ಅಂಥ ಕಥೆಗಳೂ ಚಿತ್ರಪುಸ್ತಕಗಳಾಗಿ ಕನ್ನಡದಲ್ಲಿ ಬರಲಿ ಎಂಬುದು ನಮ್ಮ ಆಸೆ. ಬರೆಯಬಲ್ಲವರು, ಚಿತ್ರ ಬಿಡಿಸಬಲ್ಲವರು ನಮ್ಮ ಓದುಗರಲ್ಲೇ ಇರಬಹುದು.

ಅಲ್ಲಿಯವರೆಗೆ ಈ ರಜೆಯಲ್ಲಿ ಒಂದು ಪುಸ್ತಕ ಸಾಕು. ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಪುಟ ತಿರುವಿ. ಪ್ರತಿ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಗು "ಯಾಕೆ?" ಎಂದಾಗ ಮುಂದಿನ ಪುಟಕ್ಕೆ ಓಡಬೇಡಿ. ಆ ಪ್ರಶ್ನೆಯನ್ನು ಮನೆಯವರೆಲ್ಲರೂ ಸೇರಿ ಕೇಳಿಸಿಕೊಳ್ಳಿ.